ತಮಟೆಗೆ ವಾಕ್ಯ

ಲಗ್ಗೆರೆಯ ಪ್ರಾರ್ಥನಾ ಮಂದಿರದ ಸಭಾಹಿರಿಯ ಜ್ಞಾನಮಿತ್ರ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಾಲು ತಪಾಸಣೆ ಮಾಡಿ ನಿವೃತ್ತರಾದವರು. ಅಳತೆಗೆ ಕೂಡದ ಬೋಲ್ಟಿಗೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು ಅವರ ಕೆಲಸವಾಗಿತ್ತು. ಈಗ ಅದೇ ಕೆಲಸವನ್ನು ಆರಾಧನೆಯಲ್ಲಿ ಮುಂದುವರಿಸಿದ್ದರು. ಬೈಬಲಿನಲ್ಲಿ ವಾಕ್ಯವಿದ್ದರೆ ಪಾಸು, ಇಲ್ಲದಿದ್ದರೆ ಇಲ್ಲ. ಚಪ್ಪಲಿ ಹೊರಗೆ ಬಿಡುವುದಕ್ಕೆ ಮೋಶೆ ಸಿಕ್ಕಿದ, ಪಾಸು. ಹೆಂಗಸರು ತಲೆಗೆ ಸೆರಗು ಹೊದೆಯುವುದಕ್ಕೆ ಪೌಲನ ಪತ್ರ ಸಿಕ್ಕಿತು, ಪಾಸು. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ತಪಾಸಣೆಯೇ ಬೇಕಾಗಲಿಲ್ಲ. ವೆಂಕಟಗಿರಿಯ ತಮಟೆಗೆ ಮಾತ್ರ ಕೆಂಪು ಚೀಟಿ ಬಿತ್ತು.

ವೆಂಕಟಗಿರಿ ಇಪ್ಪತ್ತು ವರ್ಷ ಹೆಣಗಳ ಮುಂದೆ ತಮಟೆ ಬಡಿದವನು. ಸಭೆಗೆ ಸೇರಿದ ಮೇಲೆ ಭಾನುವಾರದ ಹಾಡುಗಳಿಗೆ ಬಡಿಯುತ್ತಿದ್ದ. ಓದು ಬಾರದು, ಹಾಡಲು ಗಂಟಲಿಲ್ಲ. ದೇವರಿಗೆ ಕೊಡಲು ಅವನ ಹತ್ತಿರ ಇದ್ದದ್ದು ಅದೊಂದೇ.

"ಅದು ಬ್ಯಾಡ ಅಂದ್ರೆ ನಾನೂ ಬ್ಯಾಡ," ಎಂದು ಮಗಳಿಗೆ ಹೇಳಿದ.

ಮಗಳು ಕಲಾ ನಾಗರಬಾವಿಯಲ್ಲಿ ಕಾನೂನು ಓದುತ್ತಿದ್ದಳು. "ಈ ಭಾನುವಾರ ಒಂದ್ಸಲ ಬಾಪ್ಪ. ಆಮೇಲೆ ಬಿಡೋದಾದ್ರೆ ಬಿಡು."

ಭಾನುವಾರ ವೆಂಕಟಗಿರಿ ತಮಟೆ ಸಮೇತ ಬಂದ. ಹಾಡು ಶುರುವಾಗುವ ಮೊದಲು ಕಲಾ ಎದ್ದು ನಿಂತಳು.

"ಅಂಕಲ್, ಕೀರ್ತನೆ ನೂರೈವತ್ತರಲ್ಲಿ ದಮ್ಮಡಿ ಬಡಿದು ದೇವರನ್ನ ಸ್ತುತಿಸೋ ಮಾತಿದೆ."

"ಗೊತ್ತಮ್ಮ. ಅದು ಇಸ್ರಾಯೇಲಿನ ದಮ್ಮಡಿ. ಇದು ಹೆಣದ ಮುಂದಿನ ತಮಟೆ. ಅಳತೆ ಕೂಡಲ್ಲ."

"ಅಂದ್ರೆ ಬರೆದಿರೋದನ್ನ ಬರೆದ ಹಾಗೇ ಮಾಡ್ಬೇಕು."

"ಒಂದು ನೂಲೂ ಆಚೀಚೆ ಆಗಬಾರದು."

"ಸರಿ. ಒಬ್ಬರಿಗೊಬ್ಬರು ಪವಿತ್ರ ಮುದ್ದಿಟ್ಟು ವಂದಿಸಬೇಕು ಅಂತ ಪೌಲ ರೋಮಾಪುರದವರಿಗೆ ಬರೆದಿದ್ದಾನೆ. ಕೊರಿಂಥದವರಿಗೆ ಎರಡು ಸಲ. ಥೆಸಲೋನಿಕದವರಿಗೂ. ಪೇತ್ರ ಬೇರೆ. ಐದು ಕಡೆ ಇದೆ ಅಂಕಲ್, ನಾವು ಒಂದ್ಸಲಾನೂ ಮಾಡಿಲ್ಲ."

ಹಿಂದಿನ ಸಾಲಿನ ಹುಡುಗರಲ್ಲಿ ಒಬ್ಬ ಪಕ್ಕದವನಿಗೆ ಪಿಸುಗುಟ್ಟಿದ, "ಮಚ್ಚಾ, ಇನ್ಮೇಲೆ ಒಂದು ಭಾನುವಾರಾನೂ ತಪ್ಪಿಸಲ್ಲ ಕಣೋ."

ಜ್ಞಾನಮಿತ್ರರ ಹೆಂಡತಿ ಪುಟ ತಿರುವಿ ನೋಡಿದರು. "ಇದೆ ರೀ," ಎಂದರು.

"ಇವತ್ತೇ ಶುರುವಾಗ್ಲಿ," ಎಂದಳು ಕಲಾ. "ಮೊದಲು ಹಿರಿಯರಿಂದ."

ಮುಂದಿನ ಚಾಪೆಯಲ್ಲಿದ್ದ ಎಪ್ಪತ್ತೈದರ ಹಾಲವ್ವ ಮಂಡಿ ಹಿಡಿದು ಎದ್ದಳು. ಕಿಟಕಿಗೆ ಹೋಗಿ ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು, ಸೆರಗಿನಲ್ಲಿ ತುಟಿ ಒರೆಸಿಕೊಂಡು ಬಂದಳು.

"ವಾಕ್ಯದಾಗ ಐತಿ ಅಂದಮ್ಯಾಲ ಏನ್ ಮಾಡಾಕಾಗ್ತೈತಿ. ಬರ್ರಿ."

ಜ್ಞಾನಮಿತ್ರ ಹಿಂದೆ ಸರಿದರು. ಬೆನ್ನಿಗೆ ಗೋಡೆ ತಗುಲಿತು.

"ಹಾಲವ್ವಾ, ಕೂತ್ಕೊಳ್ಳಿ. ಅದು ಆ ದೇಶದ ರೂಢಿ. ಪ್ರೀತಿಯಿಂದ ವಂದಿಸೋದು ಮುಖ್ಯ. ನಮ್ಮ ಕಡೆ ಕೈ ಮುಗಿದ್ರೆ ಸಾಕು."

"ಸಾಕಾ ಅಂಕಲ್?" ಎಂದಳು ಕಲಾ.

"ಸಾಕಮ್ಮ, ಧಾರಾಳ ಸಾಕು."

"ಅವರ ಮುದ್ದಿಗೆ ನಮ್ಮ ನಮಸ್ಕಾರ ಸಾಕು ಅಂದ್ರೆ, ಅವರ ದಮ್ಮಡಿಗೆ ನಮ್ಮ ತಮಟೆ ಯಾಕೆ ಸಾಕಾಗಲ್ಲ?"

ಜ್ಞಾನಮಿತ್ರ ಹಾಲವ್ವನ ಕಡೆ ನೋಡಿದರು. ಅವಳು ಇನ್ನೂ ಕೂತಿರಲಿಲ್ಲ.

"ಒಂದು ಹಾಡಿಗೆ ಬಡೀಲಿ," ಎಂದರು. "ಮೆಲ್ಲಗೆ."

"ಮೆಲ್ಲಗೆ ಬಡಿಯಾಕೆ ನಂಗೆ ಬರಲ್ಲ ಸಾರ್," ಎಂದ ವೆಂಕಟಗಿರಿ, ತಮಟೆಯನ್ನು ಬೆಂಕಿಗೆ ಕಾಯಿಸಿ ಬಿಗಿಮಾಡಲು ಹಳೇ ಪೇಪರ್ ಹುಡುಕಿಕೊಂಡು ಮೆಟ್ಟಿಲಿಳಿದ.