ಏಳು ಮುಗಿಯುವ ಮೊದಲು

ಕುಲುಮೆಯ ಕಬ್ಬಿಣದ ಅಂಚಿಗೆ ಕುಲುಮೆಯವನ ಕಂಬಿ ಎರಡು ಸಲ ಬಡಿಯಿತು. ಎತ್ತಿ ಎಂದು ಅರ್ಥ. ಇಕ್ಕಳ ಹಿಡಿದು ಕಾದಿದ್ದ ಅವನ ಭಾವ, ಅಕ್ಕನ ಗಂಡ, ತಲೆ ಮೇಲೆತ್ತಲಿಲ್ಲ, ಲೋಹ ಕರಗಿಸುವ ಮೂಸೆಯನ್ನು ಮಾತ್ರ ಮೇಲೆತ್ತಿದ. ಕರಗಿದ ಹಿತ್ತಾಳೆಯ ಮೇಲೆ ಹಸುರು ಜ್ವಾಲೆ ತೆವಳಿತು. ಒಂದು ಬಡಿತ: ನಿಲ್ಲಿ. ಮತ್ತೆ ಮೂರು: ನಡೆಯಿರಿ.

"ಕುಲುಮೆಗೆ ಬಾಯಿದೆ, ಮೂಸೆಗೆ ಬಾಯಿದೆ. ನಿಮ್ಮಿಬ್ಬರಿಗೆ ಮಾತ್ರ ಇಲ್ಲ ನೋಡಿ," ಎಂದು ಮೂಸೆಯ ಇನ್ನೊಂದು ಹಿಡಿಗೆ ಕೈಕೊಟ್ಟ ಅಚ್ಚಿನವನು ಹೇಳಿದ. ಕೆಲಸದವರೆಲ್ಲ ಅವನನ್ನು ರೇಡಿಯೊ ಎಂದೇ ಕರೆಯುತ್ತಿದ್ದರು. "ನಾನೊಬ್ಬ ರಜಾ ಹಾಕಿದ್ರೆ ಈ ಕಾರ್ಖಾನೆ ಸ್ಮಶಾನ."

ಕುಲುಮೆಯವನು ನಗಲಿಲ್ಲ. ಭಾವನೂ ನಗಲಿಲ್ಲ. ಹಳೆಯ ಹಿತ್ತಾಳೆಯನ್ನು ಕರಗಿಸಿ ಗಟ್ಟಿಗಳಾಗಿ ಎರೆಯುವ ಆ ಕಾರ್ಖಾನೆಯಲ್ಲಿ ಬೆಂಕಿಯ ಹದ ನೋಡುವವನು ಕುಲುಮೆಯವನು, ಸಾಲು ಅಚ್ಚುಗಳಿಗೆ ಲೋಹ ಹೊಯ್ಯುವವನು ಭಾವ. ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿರುವಂಥ ಕೆಲಸ. ಆದರೂ ಕುಲುಮೆಯವನ ತಾಯಿ ತೀರಿಕೊಂಡ ಮೇಲೆ ಅವರಿಬ್ಬರ ನಡುವೆ ನಡೆದದ್ದೆಲ್ಲ ಈ ಕಂಬಿಯ ಮಾತೇ.

ತಾಯಿ ಕೊನೆಯುಸಿರೆಳೆದದ್ದು ಅಕ್ಕನ ಮನೆಯಲ್ಲಿ. ಅಂದು ಕುಲುಮೆಯವನು ದೂರದ ಊರಿನಲ್ಲಿ ಯಾರಿಗೋ ಕುಲುಮೆ ಕಟ್ಟಿಕೊಡುತ್ತಿದ್ದ. ಫೋನಿನಲ್ಲಿ ಕೇಳಿಕೊಂಡಿದ್ದು ಒಂದೇ ಮಾತು: "ನಾನು ಬರೋ ತನಕ ಮಣ್ಣು ಮಾಡ್ಬೇಡಿ, ಭಾವ." ಕಾಯ್ತೀವಿ ಬಾ ಎಂದಿದ್ದ ಭಾವ. ಆದರೆ ಮಯ್ಯತ್ತನ್ನು, ಶವವನ್ನು, ತಡೆದಿಡಬಾರದು ಎಂದು ಹಿರಿಯರು ಒತ್ತಾಯ ಮಾಡಿದರು, ಮಧ್ಯಾಹ್ನದ ನಮಾಜಿನ ಬೆನ್ನಿಗೇ ಎತ್ತಿದರು. ಇವನು ಬಸ್ಸಿಳಿದು ಓಡಿಬಂದಾಗ ಗೋರಿಯ ದಿಬ್ಬದ ಮೇಲೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ. ಮಗನ ಪಾಲಿನ ಮೂರು ಹಿಡಿ ಮಣ್ಣನ್ನು ಬೇರೆ ಯಾರೋ ಹಾಕಿದ್ದರು. ಭಾವ ಹತ್ತಿರ ಬಂದು ಭುಜ ಮುಟ್ಟಿದ. ಅವನು ಭುಜ ಕೊಡವಿಕೊಂಡ. ಅಷ್ಟೇ. ಜಗಳವೂ ಆಗಲಿಲ್ಲ. ಆಗಿದ್ದರೆ ಎಂದೋ ಮುಗಿದುಹೋಗುತ್ತಿತ್ತು.

ಈ ದಿನ ಮಧ್ಯಾಹ್ನ ಕಾರ್ಖಾನೆಗೆ ಬುತ್ತಿ ತಂದ ಅಕ್ಕ ಎಂದಿನಂತೆ ಇಟ್ಟು ಹೋಗಲಿಲ್ಲ. ಗಂಡ ಹೊರಗೆ ಕೈ ತೊಳೆಯಲು ಹೋದದ್ದನ್ನು ನೋಡಿಕೊಂಡು ತಮ್ಮನ ಎದುರಿಗೆ ಕುಳಿತಳು.

"ಶುಕ್ರವಾರ ಮಸೀದೀಲಿ ಗುರುಗಳು ಹೇಳಿದ್ದು ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

"ನಮ್ಮನೆ ಕಿಟಕಿಗೂ ಕೇಳಿಸ್ತು. ಏನಂದ್ರು ಹೇಳು ನೋಡೋಣ."

"ಮೂರು ದಿನಕ್ಕಿಂತ ಹೆಚ್ಚು ಮಾತು ಬಿಟ್ಟಿರಬಾರದು ಅಂದ್ರು."

"ಆಮೇಲೆ?"

ಅವನು ತುತ್ತು ನುಂಗಿದ.

"ಆಮೇಲಿನದ್ದೂ ಹೇಳಪ್ಪ. ಹಾಗೇ ಸತ್ತವನು ಎಲ್ಲಿಗೆ ಹೋಗ್ತಾನೆ ಅಂದ್ರು?"

"ನಾನು ಸಲಾಂ ಹೇಳ್ತೀನಲ್ಲ ಅಕ್ಕ, ದಿನಾ ಬೆಳಿಗ್ಗೆ."

"ಹೇಳ್ತೀಯ, ಗೋಡೆಗೆ. ಪಾಪ, ಗೋಡೆಯೂ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿದೆ." ಅಕ್ಕ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು. "ಬೆಂಕಿಯಿಂದ ಕಾಪಾಡು ಅಂತ ಸಂಜೆ ಸಂಜೆ ಕೇಳ್ಕೊಳ್ಳೋನೂ ನೀನೇ, ಆ ಒಲೆಗೆ ಸೌದೆ ಒಟ್ಟೋನೂ ನೀನೇ. ನನಗಂತೂ ನಿನ್ನ ಲೆಕ್ಕ ತಿಳಿಯಲ್ಲ."

ಅವಳು ಎದ್ದು ಹೋದ ಮೇಲೂ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಕಾಡಿತು. ಸಂಜೆಯ ಆ ಪ್ರಾರ್ಥನೆಯನ್ನು ಕಲಿಸಿದವಳು ತಾಯಿ. ಮಗ, ಅಳಿಯ ಇಬ್ಬರೂ ಈ ಕಾರ್ಖಾನೆಗೆ ಸೇರಿದ ದಿನ ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: "ಇಲ್ಲಿಯ ಬೆಂಕಿಯನ್ನ ನೀವು ಮುಚ್ಚಳ ಹಾಕಿ ಆರಿಸ್ತೀರಿ. ಅಲ್ಲಿಯದಕ್ಕೆ ಮುಚ್ಚಳ ಇಲ್ಲ. ಸಂಜೆಯ ಮಗ್ರಿಬ್ ನಮಾಜು ಮುಗಿದ ಕೂಡಲೇ, ಯಾರ ಹತ್ತಿರವೂ ಒಂದು ಮಾತಾಡೋಕೆ ಮುಂಚೆ, ಏಳು ಸಲ ಕೇಳ್ಕೊಳ್ಳಿ. ನಡುವೆ ಲೋಕದ ಮಾತು ಬೆರೆಸ್ಬೇಡಿ." ಅಲ್ಲಾಹುಮ್ಮ ಅಜಿರ್ನೀ ಮಿನನ್ನಾರ್. ಅಲ್ಲಾಹನೇ, ನನ್ನನ್ನು ನರಕದ ಬೆಂಕಿಯಿಂದ ಪಾರು ಮಾಡು. ಅಂದು ರಾತ್ರಿ ಸಾವು ಬಂದರೂ ಕೇಳಿಕೊಂಡವನಿಗೆ ಆ ಬೆಂಕಿಯಿಂದ ರಕ್ಷೆಯುಂಟು ಎಂಬುದು ಅವಳ ನಂಬಿಕೆ. ಅವನು ಒಂದು ಸಂಜೆಯೂ ತಪ್ಪಿಸಿದವನಲ್ಲ, ಏಳರ ನಡುವೆ ತುಟಿ ಬಿಚ್ಚಿದವನಲ್ಲ. ತಾಯಿ ಹೋದ ಮೇಲೆ ಅವಳದೆಂದು ಅವನಲ್ಲಿ ಉಳಿದಿದ್ದ ಒಡವೆ ಅದೊಂದೇ.

ಹೊತ್ತು ಮುಳುಗಿತು. ಕುಲುಮೆಯನ್ನು ಬಿಟ್ಟು ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲವಾದ್ದರಿಂದ ನಮಾಜಿಗೆ ಸರದಿ ಇತ್ತು. ಮೊದಲು ಕುಲುಮೆಯವನು, ಆಮೇಲೆ ಭಾವ. ವುಜೂ ಮಾಡಲು ಹೊರಗಿನ ನಲ್ಲಿಯ ಕಡೆಗೆ ಹೊರಟವನು ಬಾಗಿಲಲ್ಲೇ ನಿಂತ. ಭಾವ ಅಲ್ಲಿ ಮುಖ ತೊಳೆಯುತ್ತಿದ್ದ. ಕುಲುಮೆಯವನು ಹಿಂದಿರುಗಿ ಕುಡಿಯುವ ನೀರಿನ ಕೊಡದಿಂದ ಒಂದು ಚೊಂಬು ತುಂಬಿಕೊಂಡು, ಅಚ್ಚುಗಳ ಸಾಲಿನ ಕೊನೆಯ ಮೂಲೆಗೆ ಹೋಗಿ, ಬಾಣಲೆಯೊಂದರಲ್ಲಿ ಕೈಕಾಲು ತೊಳೆದು ವುಜೂ ಮುಗಿಸಿದ. ಭಾವನ ಹೆಜ್ಜೆ ಒಳಗೆ ಬರುವುದು ಕೇಳಿತು. ಅರ್ಧ ನೀರಿದ್ದ ಚೊಂಬನ್ನು ಕೊನೆಯ ಅಚ್ಚಿನ ಮೇಲಿದ್ದ ಗೋಡೆಯ ಹಲಗೆಯ ಮೇಲೆ ಆತುರದಲ್ಲಿ ಇರಿಸಿ, ಚಾಪೆಯ ಕಡೆ ನಡೆದ.

ನಮಾಜು ಮುಗಿಯುವ ಹೊತ್ತಿಗೆ ಹಿಂದಿನಿಂದ ಧಣಿಯ ದನಿ ಕೇಳಿಸಿತು. "ಹದ ಬಂದಿದೆಯಲ್ರೀ, ಯಾಕೆ ಕಾಯ್ತೀರಿ? ಹೊಯ್ದುಬಿಡಿ." ಭಾವ ಮತ್ತು ರೇಡಿಯೊ ಮೂಸೆ ಎತ್ತಿದ ಸದ್ದಾಯಿತು.

ಕುಲುಮೆಯವನು ಬಲಕ್ಕೆ ಸಲಾಂ ಹೇಳಿದ, ಎಡಕ್ಕೆ ಹೇಳಿದ. ಕೂತಲ್ಲೇ ಎರಕದ ಕಡೆ ತಿರುಗಿ ಶುರು ಮಾಡಿದ. ಕಿರುಬೆರಳು ಮಡಿಸಿದ. ಅಲ್ಲಾಹುಮ್ಮ ಅಜಿರ್ನೀ ಮಿನನ್ನಾರ್. ಎರಡು. ಮೂರು. ಕಣ್ಣು ತಾನಾಗಿ ಎರಕದ ಸಾಲಿನ ಮೇಲೆ ಹರಿಯಿತು. ಮೊದಲ ಅಚ್ಚುಗಳು ತುಂಬಿ ಕೆಂಪಗೆ ಉಸಿರಾಡುತ್ತಿದ್ದವು. ಭಾವನ ಬೆನ್ನು ಇವನ ಕಡೆಗಿತ್ತು.

ನಾಲ್ಕನೆಯ ಬೆರಳು ಮಡಿಸುವಾಗ ಹಲಗೆಯ ಮೇಲೆ ಚೊಂಬು ಅಡ್ಡಬಿದ್ದಿರುವುದು ಕಂಡಿತು. ಕಂಡದ್ದು ಮನಸ್ಸಿಗೆ ಇಳಿಯಲು ಒಂದು ಕ್ಷಣ ಹಿಡಿಯಿತು. ಹಲಗೆಯ ತುದಿಯಿಂದ ಹನಿಯೊಂದು ಉದುರಿ ಕೆಳಗೆ ಕೊನೆಯ ಅಚ್ಚಿನೊಳಗೆ ಮಾಯವಾಯಿತು. ಇನ್ನೊಂದು ಉದುರಿತು. ಅಚ್ಚಿನ ತಳದಲ್ಲಿ ಬೆಂಕಿಯ ಬೆಳಕು ಕದಲಿತು. ನೀರು.

ಎರಕದವರಿಗೆ ಬೇರೆ ಭಯವಿಲ್ಲ, ಇದೊಂದೇ. ಕರಗಿದ ಲೋಹದ ಕೆಳಗೆ ಒಂದು ಗುಟುಕು ನೀರು ಸಿಕ್ಕರೆ ಮೂಸೆಯ ಬೆಂಕಿಯೆಲ್ಲ ಮೇಲೆ ಸಿಡಿದು ಹೊಯ್ಯುವವನ ಮುಖಕ್ಕೇ ಬರುತ್ತದೆ. ಅದಕ್ಕೆಂದೇ ರೇಡಿಯೊ ಸಂಜೆ ಎಲ್ಲ ಅಚ್ಚುಗಳನ್ನೂ ಕೆಂಡದ ಮೇಲೆ ಕಾಯಿಸಿ ಒಣಗಿಸಿದ್ದ. ಹಾಗೆ ಒಣಗಿಸಿಟ್ಟದ್ದನ್ನು ಮತ್ತೆ ಬಗ್ಗಿ ನೋಡುವವರು ಯಾರು?

ಐದು. ನಾಲಿಗೆ ತನ್ನ ಪಾಡಿಗೆ ಓಡುತ್ತಿತ್ತು. ಇನ್ನೆರಡೇ, ಮುಗಿಸಿಬಿಡು ಎಂದಿತು ಒಳಗಿನ ದನಿ. ಕೈ ಕಂಬಿಗಾಗಿ ತಡಕಾಡಿತು. ಕಂಬಿ ಕುಲುಮೆಯ ಬಳಿ ಒರಗಿತ್ತು. ಭಾವ ಇನ್ನೊಂದು ಅಚ್ಚು ತುಂಬಿಸಿ, ಮೂಸೆಯನ್ನು ನೆಟ್ಟಗೆ ಮಾಡಿ, ಕೊನೆಯದರ ಕಡೆಗೆ ಹೆಜ್ಜೆ ಇಟ್ಟ. ಕೂಗಬೇಕು. ಏನೆಂದು ಕೂಗಬೇಕು? ಆ ಒಂದು ಪದ ತಿಂಗಳುಗಟ್ಟಲೆ ಹೊರಬಂದಿರಲಿಲ್ಲ. ಮೂಸೆಯ ತುಟಿ ಬಾಗತೊಡಗಿತು.

"ಭಾವಾ! ನಿಲ್ಲಿ."

ಕುಲುಮೆಗೆ ಗಾಳಿ ಬೀಸುವ ಯಂತ್ರದ ಗದ್ದಲವನ್ನು ಸೀಳಿ ಬಂದ ಆ ದನಿಗೆ ಭಾವನ ಕೈ ಹೆಪ್ಪುಗಟ್ಟಿತು. ಅವನು ನಿಂತದ್ದು ಅಪಾಯ ಕಂಡಲ್ಲ, ಆ ಕರೆ ಕೇಳಿ. ಆದರೂ ಮೂಸೆಯ ತುದಿಯಿಂದ ಒಂದು ಮಣಿ ಜಾರಿ ಅಚ್ಚಿನೊಳಗೆ ಬಿತ್ತು. ಢಂ ಎಂದಿತು. ಕಿಡಿಗಳ ಹಿಡಿಯೊಂದು ಸೂರಿನ ತಗಡಿಗೆ ಬಡಿದು ಕೆಳಗುದುರಿತು. ಭಾವನ ಎದೆಗವಚದ ಮೇಲೆ ಕಪ್ಪು ಚುಕ್ಕೆಗಳು ಹೊಗೆಯಾಡಿದವು. ಒಂದು ಕಿಡಿ ಅವನ ಕೆನ್ನೆಯ ಮೇಲೆ ಅಕ್ಕಿಕಾಳಿನಷ್ಟು ಗುರುತು ಬಿಟ್ಟುಹೋಯಿತು.

ಇಬ್ಬರೂ ಹಿಂದೆ ಸರಿದು, ಮೂಸೆಯನ್ನು ಮರಳಿನ ಮೇಲೆ ಇಳಿಸಿದರು. ರೇಡಿಯೊ ಬಾಯಿ ತೆರೆದ. ಏನೂ ಬರಲಿಲ್ಲ.

ಭಾವ ಕೈಗವಸು ಕಳಚಿದ. ಅಚ್ಚಿನೊಳಗೆ ಬಗ್ಗಿ ನೋಡಿದ. ತಲೆಯೆತ್ತಿ ಹಲಗೆಯನ್ನು ನೋಡಿದ.

"ಚೊಂಬು ಯಾರದು?"

"ನಂದು."

"ಹೊರಗೆ ನಲ್ಲಿ ಇತ್ತಲ್ಲ."

"ಅಲ್ಲಿ ನೀವಿದ್ರಿ."

ಭಾವ ಕೆನ್ನೆಯ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

"ಹೌದು. ನಾನಿದ್ದೆ," ಎಂದ. "ಅವತ್ತು ಕಾಯ್ತೀವಿ ಅಂದವನೂ ನಾನೇ. ಕಾಯದೆ ಎತ್ತಿಸಿದವನೂ ನಾನೇ."

ಕುಲುಮೆಯವನ ಬಲಗೈ ಇನ್ನೂ ಐದಕ್ಕೆ ಮಡಿಸಿದಂತೆಯೇ ಇತ್ತು. ಅವನು ಅದನ್ನು ನೋಡಿಕೊಂಡ, ಮೆಲ್ಲಗೆ ಬಿಚ್ಚಿದ.

"ನಿಮ್ಮ ನಮಾಜಿನ ಹೊತ್ತು ಮೀರ್ತಾ ಇದೆ. ಹೋಗಿ ಭಾವ, ಚಾಪೆ ಹಾಸೇ ಇದೆ."

ಭಾವ ಎದೆಗವಚ ಬಿಚ್ಚಿಟ್ಟು ನಡೆದ. ಕುಲುಮೆಯವನು ಚಿಂದಿ ಬಟ್ಟೆ ತಂದು ಮಂಡಿಯೂರಿ ಕೊನೆಯ ಅಚ್ಚನ್ನು ಒರೆಸತೊಡಗಿದ. ಅವನ ತುಟಿ ಮೊದಲಿನಿಂದ ಮತ್ತೆ ಅಲುಗುತ್ತಿತ್ತು. ಏಳಕ್ಕೆ ಮುಟ್ಟಿ ನಿಂತಿತು.

ಅಷ್ಟರಲ್ಲಿ ರೇಡಿಯೊಗೆ ಜೀವ ಬಂದಿತ್ತು. "ಅವರು ಸಲಾಂ ಹೇಳಾಯ್ತು ನೋಡಿ. ಕರೀಲಾ? ಮೂಸೆ ಆರಿಹೋಗ್ತದೆ. ಧಣಿ ನನ್ನ ಮೇಲೆ ಹಾರಾಡ್ತಾರೆ."

ಕುಲುಮೆಯವನು ತಿರುಗಿ ನೋಡಿದ. ಚಾಪೆಯ ಮೇಲೆ ಭಾವನ ಕಿರುಬೆರಳು ಆಗಷ್ಟೇ ಮಡಿಯುತ್ತಿತ್ತು.

"ಆರಿದ್ರೆ ಮತ್ತೆ ಕಾಯಿಸ್ತೀನಿ. ಕರೀಬೇಡ," ಎಂದ. "ಕಾಯೋಣ."

ಅವನು ಬಟ್ಟೆ ಪಕ್ಕಕ್ಕಿಟ್ಟು, ಒರೆಸಿದ ಅಚ್ಚಿನ ತಳಕ್ಕೆ ಬರಿಯ ಅಂಗೈ ಊರಿದ. ಕಬ್ಬಿಣ ಇನ್ನೂ ಬೆಚ್ಚಗಿತ್ತು. ಎಲ್ಲಾದರೂ ತೇವ ಉಳಿದಿದೆಯೇ ಎಂದು ಮೂಲೆ ಮೂಲೆಯನ್ನೂ ಮುಟ್ಟಿ ನೋಡುತ್ತ, ಹಾಗೆಯೇ ಕುಳಿತುಕೊಂಡ.