ಬೀಗಿತ್ತಿಯ ಕಾಲು

ಮಧುಶ್ರೀ ಗುರುಪುರದ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಸಾಲಿಗ್ರಾಮಕ್ಕೆ ಬಂದಾಗ, ಕೂಸಿನ ಜೊತೆ ಅವಳ ತಾಯಿ ದೇವೀರಮ್ಮನೂ ಕಾರಿನಿಂದಿಳಿದಳು. "ಚಿನ್ನು ಒಸ ಜಾಗಕ್ಕೆ ಒಂದ್ಕೊಳ್ಳೋಗಂಟ ಇರ್ತೀನಿ ಅಕ್ಕಾರೆ," ಎಂದಳು.

"ಇರಿ, ಇದೂ ನಿಮ್ಮನೇನೆ ಅಲ್ವಾ," ಎಂದು ಮಧುಶ್ರೀಯ ಅತ್ತೆ ಪುಟ್ಟಮಲ್ಲಮ್ಮ ಬಾಯಲ್ಲಿ ಹೇಳಿದಳು.

ದೇವೀರಮ್ಮ ಸಣಕಲು ಹೆಂಗಸು. ಅರವತ್ತಾದರೂ ನೆಲದ ಮೇಲೆ ಕೂತವಳು ಕೈ ಊರದೆ ಎದ್ದುಬಿಡುತ್ತಿದ್ದಳು. ಪುಟ್ಟಮಲ್ಲಮ್ಮನದು ನೂರು ಕೆಜಿ ದಾಟಿದ ಮೈ. ಮಗ ಹುಟ್ಟಿದ ಮೇಲೆ ಏರಲು ಶುರುವಾದ ತೂಕ ನಿಂತಿರಲಿಲ್ಲ. ಐವತ್ತರ ಹೊತ್ತಿಗೆ ಮಂಡಿ ನೋವು ಹಿಡಿದು, ಈಗ ನಡೆದರೆ ಕೀಲಿನೊಳಗೆ ಮರಳು ಅರೆದಂತಾಗುತ್ತಿತ್ತು. ಅವಳು ನೆಲದ ಮೇಲೆ ಕೂತು ವರ್ಷಗಳೇ ಆಗಿದ್ದವು. ಮದುವೆ ಮನೆಗೆ ಹೋದರೆ ಮೊದಲು ಕಣ್ಣು ಹುಡುಕುತ್ತಿದ್ದುದು ಕೈಗಳಿಲ್ಲದ ಕುರ್ಚಿಯನ್ನು.

ಒಂದು ಕಾಲದಲ್ಲಿ ಬೀದಿಯ ಎಳೆಕೂಸುಗಳಿಗೆಲ್ಲ ನೀರು ಹಾಕುತ್ತಿದ್ದವಳು ಅವಳೇ. ಈಗ ಅವಳ ಮೊಮ್ಮಗಳಿಗೇ ದೇವೀರಮ್ಮ ನೀರು ಹಾಕುತ್ತಿದ್ದಳು. ಸೀರೆ ಮೇಲೆ ಸಿಕ್ಕಿಸಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವಳು. ಚಿನ್ನು ಕಿಲಕಿಲ ನಗುವಳು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ ಪುಟ್ಟಮಲ್ಲಮ್ಮ ಕೂಸನ್ನು ನೋಡುತ್ತಿರಲಿಲ್ಲ. ಆ ಕಾಲುಗಳನ್ನು ನೋಡುತ್ತಿದ್ದಳು. ಒಣಕಲು ಕಾಲು. ನೆಲಕ್ಕೆ ಅಂಟಿದಂತೆ ನೆಟ್ಟಗೆ ಚಾಚಿಕೊಂಡಿದ್ದವು.

ಅವಳೂ ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಆದರೆ ಹೊಟ್ಟೆಯೇ ಮಡಿಲನ್ನು ತುಂಬಿದ್ದರಿಂದ ಕೂಸು ಜಾರುತ್ತಿತ್ತು, ಅತ್ತು ದೇವೀರಮ್ಮನತ್ತ ಕೈಚಾಚುತ್ತಿತ್ತು.

"ನನ್ನ ವಾಸನೆ ಇಡ್ಕೊಬುಟ್ಟವ್ಳೆ ಕಣ್ರೀ," ಎಂದು ದೇವೀರಮ್ಮ ನಗುವಳು. ಪುಟ್ಟಮಲ್ಲಮ್ಮ ಮುಖ ಅತ್ತ ತಿರುಗಿಸುವಳು.

"ನಿಮ್ಮತ್ತೆ ನೀರು ಕುದಿಸ್ಬುಡ್ತಾಳೆ ಕಣ್ಲಾ, ಕೂಸಿನ ಮೈ ಕೆಂಪಾಗೈತೆ," ಎಂದು ಮಗ ಸೋಮಶೇಖರನ ಕಿವಿಗೆ ಹಾಕಿದಳು. ಅವನು ನಕ್ಕು ಅಂಗಡಿಗೆ ಹೋದ. "ಒಂದು ಮುದ್ದೆ ಕಮ್ಮಿ ಮಾಡಿ ಅಕ್ಕಾರೆ, ಮಂಡಿಗೆ ಅಗುರ," ಎಂದು ದೇವೀರಮ್ಮ ಒಮ್ಮೆ ಅಂದದ್ದಕ್ಕೆ, ಪುಟ್ಟಮಲ್ಲಮ್ಮ ಆವತ್ತು ಹಟಕ್ಕೆ ಒಂದು ಮುದ್ದೆ ಜಾಸ್ತಿಯೇ ಉಂಡಳು.

ಒಂದು ಸೋಮವಾರ ಬೆಳಿಗ್ಗೆ ದೇವೀರಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ನೀರು ಕಾದಿತ್ತು. "ಅವ್ವ ಬರ್ಲಿ ಅತ್ತೆ, ಆಮೇಲೆ ಆಕಾನ," ಎಂದಳು ಮಧುಶ್ರೀ.

"ಯಾಕೆ, ನಾನೇನು ಸತ್ತೋಗಿದ್ದೀನಾ? ಕೊಡಿಲ್ಲಿ!"

ಸೊಸೆ ಬೇಡವೆಂದರೂ ಕೇಳದೆ, ಪುಟ್ಟಮಲ್ಲಮ್ಮ ಬಚ್ಚಲ ಗೋಡೆ ಹಿಡಿದು ಇಳಿಯತೊಡಗಿದಳು. ಅರ್ಧಕ್ಕೆ ಮಂಡಿ ಕೈಕೊಟ್ಟು ದೊಪ್ಪೆಂದು ಕೂತಳು. ಕಣ್ಣಲ್ಲಿ ನೀರು ಬಂದರೂ "ಕೊಡು" ಎಂದಳು. ಕಾಲು ಚಾಚಿದಳು, ಆದರೆ ಮಂಡಿ ನೆಟ್ಟಗಾಗಲಿಲ್ಲ. ಎರಡೂ ಗುಡ್ಡದ ಹಾಗೆ ಎದ್ದೇ ನಿಂತವು. ಎಣ್ಣೆ ಹಚ್ಚಿದ ಕೂಸು ಆ ಇಳಿಜಾರಿನಲ್ಲಿ ಪಕ್ಕಕ್ಕೆ ಜಾರಿತು. ಮಧುಶ್ರೀ ಚೀರಿ, ನೆಲ ಮುಟ್ಟುವ ಮೊದಲೇ ಬಾಚಿಕೊಂಡಳು.

ಕೂಸಿಗೆ ಏನೂ ಆಗಲಿಲ್ಲ. ಆದರೆ ಪುಟ್ಟಮಲ್ಲಮ್ಮನಿಗೆ ಏಳಲಾಗಲಿಲ್ಲ. ಸೊಸೆಯ ಫೋನಿಗೆ ಸೋಮಶೇಖರ ಅಂಗಡಿಯಿಂದ ಓಡಿಬಂದ. ಚೀರಾಟ ಕೇಳಿ ಬೀದಿಯವರೂ ಬಾಗಿಲಿಗೆ ಬಂದರು. ಅಷ್ಟರಲ್ಲಿ ದೇವಸ್ಥಾನದಿಂದ ಬಂದ ದೇವೀರಮ್ಮ, "ಹೊರಗಿನವ್ರು ಯಾರೂ ಬ್ಯಾಡ, ನಾವೇ ಎತ್ತಾನ," ಎಂದು ಬಚ್ಚಲ ಬಾಗಿಲು ಮುಚ್ಚಿಸಿದಳು. ಸರಿದಿದ್ದ ಸೆರಗನ್ನು ಹೊದಿಸಿ, ನೀರಲ್ಲೇ ಕೂತು ಹೆಗಲು ಕೊಟ್ಟಳು. "ಭಾರ ಬುಡಿ ನನ್ಮೇಲೆ."

ಮೊದಲು ಮಣೆಯ ಮೇಲೆ, ಅಲ್ಲಿಂದ ಕುರ್ಚಿಗೆ, ಕೂಸನ್ನು ತೊಟ್ಟಿಲಿಗೆ ಹಾಕಿ ಬಂದ ಮಧುಶ್ರೀಯೂ ಸೇರಿ ಮೂವರೂ ಎತ್ತಿ ಕೂರಿಸಿದರು. ದೇವೀರಮ್ಮ ಒದ್ದೆ ಸೀರೆಯಲ್ಲೇ ನಿಂತು ಅವಳ ಕಾಲು ಒರೆಸಿದಳು. ಪುಟ್ಟಮಲ್ಲಮ್ಮನಿಗೆ ಅದೇ ಇನ್ನಷ್ಟು ಉರಿಯಿತು. ಒಳ್ಳೆಯವಳಾಗಿರುವುದೂ ಅವಳೇ!

ಮರುದಿನ ಪುಟ್ಟಮಲ್ಲಮ್ಮ ತಾನೇ ಮಗನಿಗೆ ಹೇಳಿ ಕೆ.ಆರ್. ನಗರದ ಡಾಕ್ಟರ್ ಸಂಘಮಿತ್ರ ಅವರ ಹತ್ತಿರ ಹೋದಳು. ಎಕ್ಸ್‌ರೇ ನೋಡಿ ಡಾಕ್ಟರ್ ಬೈಯಲಿಲ್ಲ. "ಕೀಲಿನ ಮೆತ್ತೆ ಸವೆದಿದೆ, ಅದು ಮತ್ತೆ ಬೆಳೆಯಲ್ಲ ಅಮ್ಮ. ಆದ್ರೆ ಮೈಯಲ್ಲಿ ಒಂದು ಕೆಜಿ ಇಳಿದ್ರೆ, ಹೆಜ್ಜೆ ಇಟ್ಟಾಗ ಮಂಡಿ ಮೇಲೆ ಬೀಳೋ ಭಾರ ನಾಲ್ಕು ಕೆಜಿಯಷ್ಟು ಇಳಿಯುತ್ತೆ. ತೊಡೆಗೆ ಬಲ ಬಂದ್ರೆ ನೋವು ಕಮ್ಮಿಯಾಗುತ್ತೆ. ಆಪರೇಷನ್ ಮಾತು ಆಮೇಲೆ."

"ನೆಲದ ಮೇಲೆ ಕೂತು ಕೂಸಿಗೆ ನೀರಾಕಂಗೆ ಮಾಡಿ, ಸಾಕು."

"ನೆಲ ಯಾಕೆ? ಮೇಜಿನ ಮೇಲೆ ಟಬ್ ಇಟ್ಟು ಕುರ್ಚಿ ಮೇಲೆ ಕೂತು ಹಾಕಿ."

ಮನೆಗೆ ಬಂದು, ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವ ವ್ಯಾಯಾಮ ಶುರುಮಾಡಿದಳು. ಚಿನ್ನು ದೇವೀರಮ್ಮನ ತೋಳಿಗೆ ಹಾರಿದಾಗಲೆಲ್ಲ ಹಲ್ಲು ಕಚ್ಚಿ ಇನ್ನೊಂದು ಸಲ ಎತ್ತುತ್ತಿದ್ದಳು. ಮುದ್ದೆ ಅರ್ಧವಾಯಿತು, ಸಂಜೆಯ ಬೋಂಡ ನಿಂತಿತು. ಬೀಗಿತ್ತಿ ಅದನ್ನು ಶ್ರದ್ಧೆ ಎಂದುಕೊಂಡು ಹೊಗಳಿದಳು. ಶ್ರದ್ಧೆಯಲ್ಲ ಎಂಬುದು ಪುಟ್ಟಮಲ್ಲಮ್ಮನಿಗೆ ಗೊತ್ತಿತ್ತು.

ಭತ್ತದ ನಾಟಿಯ ಹೊತ್ತಿಗೆ ದೇವೀರಮ್ಮ ಗುರುಪುರಕ್ಕೆ ಹೊರಟಳು. ಚಿನ್ನು ವಾರವಿಡೀ ಅತ್ತಳು. ಪುಟ್ಟಮಲ್ಲಮ್ಮ ಅಳುವ ಕೂಸಿಗೇ ಟಬ್ಬಿನಲ್ಲಿ ನೀರು ಹಾಕಿದಳು. ಹಾಕುತ್ತಾ ಹಾಕುತ್ತಾ ಅಳು ನಿಂತಿತು. ಅವಳ ಮಂಡಿ ನೋವು ಪೂರ್ತಿ ಹೋಗಲಿಲ್ಲ, ಆದರೆ ಗೋಡೆ ಹಿಡಿಯದೆ ಅಂಗಳದವರೆಗೆ ಹೋಗಿಬರುವಂತಾದಳು.

ಮೊದಲ ಹುಟ್ಟುಹಬ್ಬಕ್ಕೆ ದೇವೀರಮ್ಮ ಬಂದಳು. "ಬಾರೇ ಚಿನ್ನು" ಎಂದು ಕೈಚಾಚಿದಳು. ಕೂಸು ಗುರುತು ಸಿಗದೆ ಪಿಳಿಪಿಳಿ ನೋಡಿ, ಪುಟ್ಟಮಲ್ಲಮ್ಮನ ಸೀರೆಗೆ ಮುಖ ಹುದುಗಿಸಿ ಅತ್ತಿತು.

ಪುಟ್ಟಮಲ್ಲಮ್ಮನಿಗೆ ಸಂತೋಷವಾಯಿತು, ಮುಚ್ಚುಮರೆಯಿಲ್ಲದ ಸಂತೋಷ. ಆಮೇಲೆ ಬೀಗಿತ್ತಿಯ ಮುಖ ಕಂಡಿತು. ದೇವೀರಮ್ಮ ನಗುತ್ತಿದ್ದಳು. ಆದರೆ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಆ ನಗು ಎಷ್ಟು ಸುಡುತ್ತದೆಂದು ಪುಟ್ಟಮಲ್ಲಮ್ಮನಿಗೆ ಹೇಳಿಕೊಡಬೇಕಿರಲಿಲ್ಲ.

"ನಾಳೆ ನೀವೇ ನೀರಾಕಿ ಅಕ್ಕಾರೆ," ಎಂದಳು. ಕೂಸಿನ ಬೆನ್ನು ತಟ್ಟುತ್ತಾ, "ಟಬ್ಬಲ್ಲೇ ಆಕಿ. ನಮ್ ಚಿನ್ನುಗೆ ಅದೇ ಅಭ್ಯಾಸ," ಎಂದು ಸೇರಿಸಿದಳು.