ಲೆಟಿಸ್ ಎಲೆಯ ಮರೆಯಲ್ಲಿ

ಗೋಯಾನಿಯಾ ಪೇಟೆಯಲ್ಲಿ, ಗಿರಾಕಿ ತಾನೇ ಬಡಿಸಿಕೊಂಡ ತಟ್ಟೆಯನ್ನು ತೂಗಿ ಅಷ್ಟಕ್ಕೇ ದುಡ್ಡು ಪಡೆಯುವ ತೂಕದೂಟದ ಹೋಟೆಲಿಟ್ಟು, ಹತ್ತೊಂಬತ್ತು ವರ್ಷ ತಕ್ಕಡಿಯ ಹಿಂದೆ ಕೂತಿದ್ದ ದೊನಾ ಒಸ್ಮಾರಿನಾ ಗಂಡಸರ ಜಾತಕವನ್ನು ತಟ್ಟೆಯಲ್ಲೇ ಓದುತ್ತಿದ್ದಳು. ರಸ ಸೋಸಿ ಬರೀ ಬೀನ್ಸ್ ಕಾಳು ಬಡಿಸಿಕೊಳ್ಳುವವನು ಜುಗ್ಗ. ಮೂಳೆ ಬಿಡಿಸಿ ಪಾತ್ರೆಯಲ್ಲೇ ಬಿಟ್ಟು ಬರುವವನು ಕಡುಜುಗ್ಗ. ಇವರನ್ನಾದರೂ ಕಟ್ಟಿಕೊಂಡು ಬಾಳಬಹುದು. ಮಾಂಸದ ಮೇಲೆ ಲೆಟಿಸ್ ಎಲೆ ಹೊದಿಸಿ ತರುತ್ತಾನಲ್ಲ, ಅವನ ಸಹವಾಸ ಮಾತ್ರ ಬೇಡ. ಎಲೆ ಮುಚ್ಚಿದರೆ ತೂಕವೇನೂ ಇಳಿಯುವುದಿಲ್ಲ. ಆದರೂ ಮುಚ್ಚುತ್ತಾನೆಂದರೆ ಅದು ಹುಟ್ಟುಗುಣ.

ಔಷಧಿ ಅಂಗಡಿಯ ಅದೆಲ್ಮೊ ಹನ್ನೊಂದು ವರ್ಷ ಅವಳ ಹೋಟೆಲಿಗೆ ತೆರೆದ ತಟ್ಟೆಯನ್ನೇ ತಂದವನು. ಹೆಂಡತಿ ಸತ್ತ ಮೇಲೂ ಅದೇ ಮೇಜು, ಅದೇ ಊಟ. ಹಾಗಾಗಿಯೇ ಅರವತ್ತರ ಹೊಸ್ತಿಲಲ್ಲಿ ವಿಧವೆ ಒಸ್ಮಾರಿನಾ ಅವನಿಗೆ ಹೂಂ ಅಂದಿದ್ದಳು. ಹೋಟೆಲು ಮಾರಿಯಾಗಿತ್ತು. ಇವತ್ತು ಅವನನ್ನು ಬೆಲೆಂನಲ್ಲಿದ್ದ ಅಕ್ಕಂದಿರಿಗೆ ತೋರಿಸಲು ಹೊರಟಿದ್ದಳು. ವಿಮಾನಕ್ಕೆ ಇನ್ನೂ ಒಂದು ಗಂಟೆಯಿತ್ತು. ಇಬ್ಬರೂ ನಿಲ್ದಾಣದ ತೂಕದೂಟಕ್ಕೆ ನುಗ್ಗಿದರು.

ಅವಳು ಮೊದಲು ತೂಗಿಸಿ ಕೂತಳು. ಹಿಂದೆಯೇ ಅದೆಲ್ಮೊ ಬಂದ. ಅವನ ತಟ್ಟೆಯಲ್ಲಿ ಅಂಗೈಯಗಲದ ಲೆಟಿಸ್ ಎಲೆ.

ಅವಳು ಮುಳ್ಳುಚಮಚದಿಂದ ಎಲೆ ಎತ್ತಿದಳು. ಕೆಳಗೆ ಕೊಬ್ಬಿನಂಚಿನ ಮೂರು ತುಂಡು ಮಾಂಸ.

"ಏನ್ರೀ ಇದು?"

"ಎಲೆ ಅದಾಗದೇ ಬಿತ್ತು."

"ನನ್ ಹತ್ರಾನೇ ಕಾಗೆ ಹಾರಿಸ್ತೀರಾ? ಟಿಕೆಟ್ ವಾಪಸ್ ಮಾಡಿ. ಸುಳ್ಳುಬುರುಕನ್ನ ಕರ್ಕೊಂಡು ನಾನು ಅಕ್ಕಂದಿರ ಮನೆ ಮೆಟ್ಟಿಲು ಹತ್ತಲ್ಲ."

"ಮದುವೆ ಮಾತಾದಾಗಿಂದ ಕೊಬ್ಬು ತಿನ್ಬೇಡಿ ಅಂತ ಪ್ರಾಣ ತಿಂತಿದ್ದೀರಲ್ಲ, ದೊನಾ. ಅದಕ್ಕೇ ಮುಚ್ಚಿದೆ."

"ಇವತ್ತು ಮಾಂಸ, ನಾಳೆ ಇನ್ನೇನೋ! ನಾನು ಜನ್ಮದಲ್ಲಿ ಯಾರಿಗೂ ಮೋಸ ಮಾಡಿದವಳಲ್ಲ."

ಅದೆಲ್ಮೊ ನಿಧಾನವಾಗಿ ಮಾಂಸ ಕತ್ತರಿಸತೊಡಗಿದ.

"ನಿಮ್ ತಕ್ಕಡಿ ಇಪ್ಪತ್ತು ಗ್ರಾಂ ಜಾಸ್ತಿ ತೋರಿಸ್ತಿತ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಒಸ್ಮಾರಿನಾ ಸರಕ್ಕನೆ ಸುತ್ತ ನೋಡಿದಳು.

"ಯಾ... ಯಾರು ಹೇಳಿದ್ದು?"

"ಮೊದಲ ವಾರಾನೇ ಒಂದು ಪಾರ್ಸೆಲ್ ಒಯ್ದು ಅಂಗಡೀಲಿ ತೂಗಿದ್ದೆ. ಔಷಧಿ ಪುಡಿ ತೂಗೋ ತಕ್ಕಡಿ ನಂದು, ಅದು ಸುಳ್ಳು ಹೇಳಲ್ಲ."

"ಹನ್ನೊಂದು ವರ್ಷ ಗೊತ್ತಿದ್ದೂ ಬಾಯಿ ಬಿಡಲಿಲ್ವಾ?"

"ಬಿಟ್ಟಿದ್ರೆ ನೀವು ಮುಖ ತಿರುಗಿಸ್ತಿದ್ರಿ. ದಿನಾ ನಿಮ್ಮನ್ನ ನೋಡೋಕೆ ಇಪ್ಪತ್ತು ಗ್ರಾಂ ಏನು ಮಹಾ!"

ಅವಳಿಗೆ ನಾಚಿಕೆಯೂ ಆಯಿತು, ಹೇಳಲಾಗದ ಸಂತೋಷವೂ ಆಯಿತು. ಅಷ್ಟರಲ್ಲಿ ಬೆಲೆಂ ವಿಮಾನದ ಕರೆ ಕೇಳಿಸಿತು.

"ಅಕ್ಕಂದಿರ ಮುಂದೆ ಇದನ್ನೆಲ್ಲ ಎತ್ಬೇಡಿ," ಎಂದಳು ಮೆಲ್ಲಗೆ.

"ಯಾವುದನ್ನ? ಮಾಂಸದ್ದೋ, ತಕ್ಕಡೀದೋ?"

ಒಸ್ಮಾರಿನಾ ಒಂದು ತುಂಡು ಮಾಂಸವನ್ನು ತನ್ನ ತಟ್ಟೆಗೆ ಎಳೆದುಕೊಂಡು, ಉಳಿದೆರಡರ ಮೇಲೆ ಎಲೆಯನ್ನು ಜೋಪಾನವಾಗಿ ಮತ್ತೆ ಹೊದಿಸಿದಳು.